ಟೆಂಪ್ರವರಿ ಮನೆ

ಮೊನ್ನೆ ಮಳವಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದ್ದಳು. ಅಲ್ಲಿ ಯಾವುದೋ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾಳೆ. ಮಕ್ಕಳು ಹೇಗಿದ್ದಾರೆ, ಮಂಡಿನೋವು ಹೇಗಿದೆ ಎಂದು ಇಬ್ಬರೂ ವಿಚಾರಿಸಿಕೊಂಡ ಮೇಲೆ ಕೆಲಸದ ಮಾತು ಬಂತು.

“ಇನ್ನೂ ಟೆಂಪ್ರವರಿನೇ ಮೇಡಂ,” ಎಂದಳು.

ಹೋದ ಸಲ ಮಂಡ್ಯಕ್ಕೆ ಬಂದಿದ್ದಾಗ ಅವಳ ಬೈತಲೆಯ ಎರಡೂ ಕಡೆ ನರೆತಿದ್ದನ್ನು ನೋಡಿದ್ದೆ. ಮದ್ದೂರು, ಮಳವಳ್ಳಿ, ಮಂಡ್ಯ ಎಂದು ಸುತ್ತಿ ಸುತ್ತಿ ಹೈಸ್ಕೂಲುಗಳಲ್ಲಿ ನಾನೇ ಆ ಪದವನ್ನು ಪಾಠ ಮಾಡಿದವಳು. ಕರಿಹಲಗೆಯ ಮೇಲೆ ಎಡಕ್ಕೆ ಟೆಂಪರರಿ, ಬಲಕ್ಕೆ ಪರ್ಮನೆಂಟ್, ನಡುವೆ ಒಂದು ಗೆರೆ. ಇದು ವಿಶೇಷಣ, ಇದು ಅದರ ವಿರುದ್ಧಪದ, ವಾಕ್ಯದಲ್ಲಿ ಬಳಸಿ ಎಂದರೆ ನನ್ನ ಕೆಲಸ ಮುಗಿಯಿತು. ‘ನಮ್ಮೂರಿನ ಸೇತುವೆ ಟೆಂಪರರಿ’ ಎಂದು ವಾಕ್ಯ ಮಾಡಿದ ಹುಡುಗಿ ಬೆಳೆದು ದೊಡ್ಡವಳಾಗಿ, ಅದೇ ಸೇತುವೆಯ ಮೇಲೆ ತನ್ನ ಮಕ್ಕಳನ್ನು ಶಾಲೆಗೆ ಕರೆತಂದು ನನ್ನ ಮುಂದೆ ನಿಲ್ಲಿಸಿದ್ದೂ ಉಂಟು. ಈ ವಯಸ್ಸಿಗೆ ಆ ಪದ ಕಿವಿಗೆ ಬಿದ್ದರೆ ಸಿಟ್ಟು ಬರುವುದಿಲ್ಲ, ಸುಸ್ತಾಗುತ್ತದೆ. ಏಕೆಂದರೆ ಅದನ್ನು ನಾನು ಶಾಲೆಯಲ್ಲಿ ಕಲಿತದ್ದಲ್ಲ. ಎಬಿಸಿಡಿಗಿಂತ ಮೊದಲೇ ನನಗೆ ಬರುತ್ತಿದ್ದ ಇಂಗ್ಲಿಷ್ ಪದ ಅದೊಂದೇ. ನಮ್ಮ ಮನೆಯಲ್ಲಿ ಉಪ್ಪು, ಹುಳಿ, ಖಾರದಂತೆ ಅದನ್ನೂ ದಿನಾ ಬಳಸುತ್ತಿದ್ದೆವು.

ನಮ್ಮ ಮನೆ ಎಂದರೆ ಮಳವಳ್ಳಿಯಾಚೆಯ ಬ್ಲಫ್ ಎಂಬ ಊರಿನ ಕ್ವಾರ್ಟರ್ಸು. ಅಪ್ಪನಿಗೆ ಅಲ್ಲಿನ ಪವರ್ ಹೌಸಿನಲ್ಲಿ ಕೆಲಸ. ಮೇಲೆ ಮನೆಗಳ ಸಾಲು, ಕೆಳಗೆ ಕಣಿವೆಯಲ್ಲಿ ಯಂತ್ರಗಳು, ನಡುವಿನ ಇಳಿಜಾರಿನಲ್ಲಿ ಆನೆ ನುಸುಳುವಷ್ಟು ದಪ್ಪದ ನೀರಿನ ಕೊಳವೆಗಳು. ಸದಾ ಗುಂಯ್ ಎನ್ನುವ ಒಂದು ಸದ್ದು. ಬಂದ ನೆಂಟರು ಆ ಸದ್ದಿಗೆ ನಿದ್ದೆಯೇ ಹತ್ತಲಿಲ್ಲ ಎಂದು ಬೆಳಿಗ್ಗೆ ಎದ್ದು ದೂರುತ್ತಿದ್ದರು; ನಾವು ನೆಂಟರ ಊರಿಗೆ ಹೋದರೆ ಆ ಸದ್ದಿಲ್ಲದೆ ನಮಗೆ ನಿದ್ದೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಮುಂದೊಂದು ಕೋಣೆ, ಅದರ ಹಿಂದೆ ಅಡುಗೆಮನೆ, ಹಿತ್ತಿಲಿಗೆ ತೆರೆದ ಬಚ್ಚಲು. ನಾಡಿಗೆಲ್ಲ ಕರೆಂಟು ಕಳಿಸುವ ಊರಿನವರಾದರೂ ನಮ್ಮ ಅಡುಗೆಮನೆಗೆ ಬಲ್ಬಿರಲಿಲ್ಲ. ಮುಂದಿನ ಕೋಣೆಯಿಂದ ಒಂದು ವೈರು ಎಳೆದು, ಗೋಡೆಯ ಕಂಡಿಯಲ್ಲಿ ತೂರಿಸಿ, ಅಪ್ಪ ಒಂದು ಬಲ್ಬನ್ನು ಒಲೆಯ ಮೇಲಕ್ಕೆ ಇಳಿಬಿಟ್ಟಿದ್ದ. ಅದು ಟೆಂಪ್ರವರಿ ಕನೆಕ್ಷನ್. ಒಗ್ಗರಣೆಯ ಹೊಗೆಗೆ ಅದರ ವೈರು ಕಪ್ಪಾಗಿ, ಜಿಡ್ಡುಗಟ್ಟಿ, ಕೊನೆಗೆ ಹಗ್ಗದಷ್ಟು ದಪ್ಪವಾಯಿತು.

ಅಪ್ಪ ಕೆಲಸಕ್ಕೆ ಸೇರಿದ್ದು ಟೆಂಪ್ರವರಿಯಾಗಿ. ಆಮೇಲೆ ಕೆಲಸ ಕಾಯಮ್ಮಾಯಿತು, ಪದ ಮಾತ್ರ ನಾಲಿಗೆಯಲ್ಲಿ ಉಳಿದುಬಿಟ್ಟಿತು. ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಕೈ ಎತ್ತುವುದಿಲ್ಲ, ಹೆಂಡತಿಗೆ ಗದರಿದ್ದನ್ನು ನಾನು ಕಂಡಿಲ್ಲ. ಆದರೆ ಯಾವುದನ್ನೂ ಇವತ್ತು ಮಾಡಿದವನಲ್ಲ. ಒಡೆದ ಕಿಟಕಿಗೆ ರಟ್ಟು, ಸೋರುವ ನಲ್ಲಿಗೆ ಸೈಕಲ್ ಟ್ಯೂಬಿನ ಚೂರು, ಬಚ್ಚಲ ಬಾಗಿಲಿಗೆ ಗೋಣಿತಾಟು. ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಅಪ್ಪನಿಂದ ಒಂದೇ ಉತ್ತರ.

“ಇದೆಲ್ಲಾ ಟೆಂಪ್ರವರಿ ಕಣೆ. ಸ್ವಂತ ಮನೆ ಆದ್ಮೇಲೆ ನಿಂಗೆಂಗ್ ಬೇಕೋ ಅಂಗ್ ಮಾಡ್ಕೊಳೀವಂತೆ.”

“ಮಾಡ್ಕಂಡೆ ಬುಡಿ,” ಎಂದು ಅವ್ವ ಒಳಗೆ ಹೋಗುತ್ತಿದ್ದಳು.

ನನ್ನ ಹೆಸರಿನದೂ ಅದೇ ಕಥೆ. ಹುಟ್ಟಿದಾಗ ಒಳ್ಳೆಯ ಹೆಸರು ಹುಡುಕಿ ಆಮೇಲೆ ಇಟ್ಟರಾಯಿತು, ಸದ್ಯಕ್ಕೆ ಪುಟ್ಟಿ ಅನ್ನೋಣ ಎಂದರಂತೆ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಹೆಸರೇನು ಎಂದು ಕೇಳಿದಾಗ ಅಪ್ಪ ತಲೆ ಕೆರೆದು, “ಸದ್ಯಕ್ಕೆ ಪುಟ್ಟಮ್ಮ ಅಂತ ಬರ್ಕಳಿ ಸಾ,” ಎಂದ. ಆ ಸದ್ಯದ ಹೆಸರಿನಲ್ಲೇ ನಾನು ಪಾಸಾದೆ, ಮದುವೆಯಾದೆ, ನೌಕರಿ ಮುಗಿಸಿ ಪೆನ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಇಡಬೇಕಾಗಿದ್ದ ಒಳ್ಳೆಯ ಹೆಸರು ಯಾವುದೆಂದು ಕೊನೆಗೂ ಯಾರೂ ಯೋಚಿಸಲಿಲ್ಲ. ಈಗ ಅದರ ಬಗ್ಗೆ ನಗುತ್ತೇನೆ, ಆದರೆ ತರಗತಿಯಲ್ಲಿ ಪುಷ್ಪಲತಾ, ಹೇಮಾವತಿ ಎಂಬ ಹುಡುಗಿಯರ ನಡುವೆ ಕೂತಿದ್ದಾಗ ನಗು ಬರುತ್ತಿರಲಿಲ್ಲ.

ಅವ್ವನದು ಬೇರೆ ರೀತಿ. ಅಪ್ಪ ಆ ಪದವನ್ನು ಹೇಳಿ ಹಗುರಾದರೆ, ಅವ್ವ ಅದನ್ನು ನಂಬಿ ಬದುಕಿದಳು. ತವರಿನಿಂದ ತಂದ ಹಿತ್ತಾಳೆಯ ಪಾತ್ರೆಗಳನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದಳು, ಸ್ವಂತ ಮನೆಗೆ ಎಂದು. ನಾವು ಉಣ್ಣುತ್ತಿದ್ದುದು ಅಂಚು ಬಗ್ಗಿದ ಅಲ್ಯೂಮಿನಿಯಂ ತಟ್ಟೆಗಳಲ್ಲಿ. ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ನಾಳೆ ಬಿಟ್ಟು ಹೋಗುವ ಮನೆ, ಗೋಡೆ ಯಾಕೆ ಹಾಳು ಮಾಡಬೇಕು ಎನ್ನುವಳು. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರ ಕಟ್ಟಿ ತೂಗುಹಾಕಿದ್ದಳು, ಗಾಳಿಗೆ ಅದು ತಾನೇ ತಿಂಗಳು ಮಗುಚುತ್ತಿತ್ತು. ಬೇರೆ ಕ್ವಾರ್ಟರ್ಸಿನವರು ಮಲ್ಲಿಗೆ ಹಂಬು, ಕರಿಬೇವು ಹಾಕಿದ್ದರೆ ನಮ್ಮ ಹಿತ್ತಿಲಲ್ಲಿ ತಿಂಗಳಲ್ಲಿ ಮುಗಿಯುವ ಸೊಪ್ಪು ಮಾತ್ರ. ಪಕ್ಕದ ಮನೆಯವರು ಕರಿಬೇವಿನ ಸಸಿ ತಂದುಕೊಟ್ಟರೂ ಅದನ್ನು ಡಬ್ಬದಲ್ಲಿ ನೆಟ್ಟಳು. ಅದು ಡಬ್ಬದಲ್ಲೇ ಬದುಕಿ ಡಬ್ಬದಲ್ಲೇ ಒಣಗಿತು.

ಇವಿಷ್ಟನ್ನೂ ಅವ್ವ ಸಹಿಸಿಕೊಂಡಿದ್ದಳು. ಅವಳ ಹೊಟ್ಟೆಯಲ್ಲಿ ಮುಳ್ಳಾಗಿ ಕೂತಿದ್ದದ್ದು ಬೇರೆ. ಅದನ್ನು ಹೇಳಬೇಕಾದರೆ ಮೊದಲು ಅಜ್ಜಿಯ ವಿಷಯ ಹೇಳಬೇಕು.

ಅಜ್ಜಿ ಎಂದರೆ ಅಪ್ಪನ ತಾಯಿ, ಚಿಕ್ಕತಾಯಮ್ಮ. ಕೆಲವು ತಿಂಗಳು ಬೆಸಗರಹಳ್ಳಿಯಲ್ಲಿ ದೊಡ್ಡಪ್ಪನ ಮನೆ, ಕೆಲವು ತಿಂಗಳು ನಮ್ಮ ಕ್ವಾರ್ಟರ್ಸು. ಕಡ್ಡಿ ಮುರಿದಂತೆ ಮಾತು. ಅವ್ವನ ಸಾರಿಗೆ ಉಪ್ಪು ಕಮ್ಮಿ ಎಂದು ಉಣ್ಣುವ ಮೊದಲೇ ಹೇಳುತ್ತಿದ್ದಳು. ಬೇರೆ ಎಲ್ಲ ಹಬ್ಬಗಳನ್ನೂ ನಾವು ಬ್ಲಫಿನಲ್ಲೇ ಮಾಡುತ್ತಿದ್ದೆವು, ಪಕ್ಷದ ಹಬ್ಬಕ್ಕೆ ಮಾತ್ರ ಬೆಸಗರಹಳ್ಳಿಗೆ ಹೋಗಲೇಬೇಕು. ನಮ್ಮ ಕಡೆ ಅಂದು ಸತ್ತ ಹಿರಿಯರಿಗೆ ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು ಧೂಪ ಹಾಕುತ್ತಾರೆ. ಅದೇ ಎಡೆ ಇಕ್ಕುವುದು. ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲೆಳೆದುಕೊಳ್ಳಬೇಕು. ಒಳಗೆ ಸತ್ತವರು ಉಣ್ಣುತ್ತಾರೆ. ಬದುಕಿರುವವರು ನೋಡುತ್ತಾ ನಿಂತರೆ ಅವರಿಗೆ ಸಂಕೋಚ. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದು, ನಾವು ಉಣ್ಣುವುದು.

ದೊಡ್ಡಪ್ಪನ ಮನೆಯಲ್ಲಿ ಆ ದಿನ ಅವ್ವ ಬೆಳಗಿನಿಂದ ಒಲೆಯ ಮುಂದೆ ಬೇಯುತ್ತಿದ್ದಳು. ವಡೆ, ಕಜ್ಜಾಯ, ಬಾಡಿನ ಸಾರು ಎಲ್ಲಕ್ಕೂ ಅವಳ ಕೈ ಬೇಕು. ಎಡೆ ಇಕ್ಕುವಾಗ ಮಾತ್ರ ಹಿಂದೆ ನಿಲ್ಲುವಳು. ನಾವೆಲ್ಲ ಸುರಿದುಕೊಂಡು ಉಣ್ಣುತ್ತಿದ್ದರೆ ಅವಳು ತುತ್ತು ಮುಟ್ಟುತ್ತಿರಲಿಲ್ಲ. ಕೇಳಿದರೆ ಹೊಟ್ಟೆ ಸರಿಯಿಲ್ಲ. ಪ್ರತಿ ವರ್ಷ ಅದೇ ದಿನ ಹೊಟ್ಟೆ ಕೆಡುವುದು ಯಾವ ರೋಗವೆಂದು ನಾನು ಸಣ್ಣವಳಿದ್ದಾಗ ಯೋಚಿಸುತ್ತಿದ್ದೆ. ಸ್ವಲ್ಪ ದೊಡ್ಡವಳಾದ ಮೇಲೆ ವಾಪಸು ಬರುವ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. ಅವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು.

“ನಮ್ಮವ್ವಂಗೆ ಎಲ್ಲೂ ಎಲೆ ಆಕಾಕಿಲ್ಲ ಕಣವ್ವ. ಅವ್ಳು ಉಪಾಸ ಇರ್ವಾಗ ನನ್ ಗಂಟ್ಲಲ್ಲಿ ಎಂಗ್ ಇಳಿದಾತು?”

ಅವ್ವನ ತಾಯಿ ಕೆಂಪಮ್ಮ, ಮಳವಳ್ಳಿ ಕಡೆಯವಳು. ಗಂಡ ಸತ್ತ ಮೇಲೆ ಕಂಡವರ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು ಒಬ್ಬಳೇ ಮಗಳನ್ನು ಬೆಳೆಸಿದವಳು. ಮಗಳ ಮದುವೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡಳು. ಗಂಡುಮಕ್ಕಳಿಲ್ಲ. ಇದ್ದ ಮನೆ ದಾಯಾದಿಗಳ ಪಾಲಾಯಿತು, ಅವರು ತಮ್ಮ ಹಿರಿಯರಿಗೆ ಇಕ್ಕಿದರೇ ಹೊರತು ಅವಳಿಗೆ ಇಕ್ಕಲಿಲ್ಲ. ಬೆಸಗರಹಳ್ಳಿಯಲ್ಲಿ ನಮ್ಮ ವಂಶದ ಹಿರಿಯರ ಪಕ್ಕದಲ್ಲಿ ಬೀಗರ ಕಡೆಯ ಹೆಂಗಸನ್ನು ಕೂರಿಸುವಂತಿಲ್ಲ. ಉಳಿದದ್ದು ನಮ್ಮ ಕ್ವಾರ್ಟರ್ಸು. ಅಲ್ಲಿ ತಾನೇ ಒಂದು ಎಲೆ ಹಾಕಿಕೊಳ್ಳುತ್ತೇನೆ ಎಂದು ಅವ್ವ ಹೊಸದರಲ್ಲೊಮ್ಮೆ ಕೇಳಿದ್ದಳಂತೆ. ನಾನು ಕಂಡಂತೆಯೂ ಒಂದು ಸಲ, ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಕೇಳಿದಳು. ಅಜ್ಜಿ ಸಿಟ್ಟು ಮಾಡಲಿಲ್ಲ. ಮಗುವಿಗೆ ತಿಳಿಸಿ ಹೇಳುವಂತೆ ಹೇಳಿದಳು.

“ನಿನ್ ಗಂಡ್ನೇ ಅಂತಾನಲ್ಲ, ಇದು ಟೆಂಪ್ರವರಿ ಮನೆ ಅಂತ. ಈ ವರ್ಸ ನಿಮ್ಮವ್ವನ್ನ ಇಲ್ಲಿಗ್ ಕರ್ದು ಇಕ್ಬುಟ್ಟೆ ಅನ್ಕೊ. ಬರೋ ವರ್ಸ ಇನ್ಯಾವ್ದೋ ಊರ್ಗೆ ಆಕುದ್ರು, ಎದ್ದೋದ್ರಿ. ಅವ್ಳು ಬತ್ತಾಳೆ. ಬಂದು ಕಂಡೋರ್ ಬಾಗ್ಲಲ್ಲಿ ನಿಂತ್ಕಂಡಾಳಾ? ಬದ್ಕಿದ್ದಾಗ ಕಂಡೋರ್ ಗದ್ದೇಲಿ ನಿಂತಿದ್ದು ಸಾಕಾಗ್ನಿಲ್ವಾ? ಸ್ವಂತ ಮನೆ ಆಗ್ಲಿ, ಇಕ್ಕೀವಂತೆ.”

ಅಜ್ಜಿಯ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಅದಕ್ಕೇ ಅವ್ವನಿಗೆ ಜಗಳವಾಡಲೂ ಆಗಲಿಲ್ಲ. ಹೀಗೆ ಕೆಂಪಮ್ಮನ ಊಟ ನಮ್ಮ ಸ್ವಂತ ಮನೆಗೆ ಗಂಟುಬಿತ್ತು. ಅಪ್ಪ ಮಳವಳ್ಳಿಯಲ್ಲಿ ಜಾಗ ನೋಡಿ ಬರುವನು. ಒಂದಕ್ಕೆ ನೀರಿಲ್ಲ, ಇನ್ನೊಂದಕ್ಕೆ ದಾರಿಯಿಲ್ಲ, ಮತ್ತೊಂದರ ಮೇಲೆ ಅಣ್ಣತಮ್ಮಂದಿರ ವ್ಯಾಜ್ಯ. ಅವನು ಸಂಜೆ ಟೀ ಕುಡಿಯುತ್ತಾ ಜಾಗದ ವರ್ಣನೆ ಮಾಡುವಾಗ ಅವ್ವ ಒಂದೇ ಪ್ರಶ್ನೆ ಕೇಳುವಳು, “ಈ ಪಕ್ಷದೊಳಗೆ ಆದಾತಾ?” ಅಪ್ಪ ಲೋಟ ಕೆಳಗಿಟ್ಟು, ಬರುವ ವರ್ಷದ ಪಕ್ಷದೊಳಗೆ ಖಂಡಿತ ಎನ್ನುವನು.

ಮಿಡ್ಲ್ ಸ್ಕೂಲಿಗೆ ಬಂದ ಮೇಲೆ ನಮಗೆ ಶ್ರೀಕಂಠಯ್ಯ ಎಂಬ ಇಂಗ್ಲಿಷ್ ಮೇಷ್ಟ್ರು ಸಿಕ್ಕಿದರು. ಸಪೂರ ಆಳು, ಬಿಳಿ ಪಂಚೆ. ಪದ ಕೊಟ್ಟರೆ ಅದರ ಬೇರು ಹಿಡಿದು ಎಳೆಯುವುದು ಅವರ ಚಟ. ಒಂದು ದಿನ ಪಾಠದಲ್ಲಿ ಟೆಂಪರರಿ ಬಂದಾಗ ನಾನು ನಮ್ಮ ಮನೆಯವರೇ ಬಂದಂತೆ ನೆಟ್ಟಗೆ ಕೂತೆ. ಮೇಷ್ಟ್ರು ಮೂಗಿಗೆ ನಶ್ಯ ಏರಿಸಿ ಶುರುಮಾಡಿದರು.

“ಲ್ಯಾಟಿನ್ನಿನಲ್ಲಿ ಟೆಂಪಸ್ ಅಂದ್ರೆ ಕಾಲ. ಅಲ್ಲಿಂದ ಬಂದದ್ದು ಇದು. ನಮ್ಮ ಹಂಗಾಮಿ ಅನ್ನೋದೂ ಹಾಗೇ, ಪಾರಸಿಯಿಂದ ಬಂತು. ಮುಂಗಾರು ಹಂಗಾಮು ಅಂತೀವಲ್ಲ, ಅದೇ ಹಂಗಾಮು. ಹೊತ್ತು, ಋತು ಅಂತ ಅರ್ಥ. ಇನ್ನು ತಾತ್ಕಾಲಿಕದಲ್ಲಂತೂ ಕಾಲ ಕಣ್ಣಿಗೇ ಕಾಣುತ್ತೆ. ಎಲ್ಲೆಲ್ಲಿಯವರೋ ಬಂದು ಒಂದೇ ಕಟ್ಟೆ ಮೇಲೆ ಕೂತರು ನೋಡಿ.”

ಪರ್ಮನೆಂಟಿನ ಬೇರಿನಲ್ಲಿ ಇರುವುದು ‘ಕೊನೆಯ ತನಕ ಉಳಿ’ ಎಂದು. ಅದನ್ನೂ ಅವರೇ ಹೇಳಿದ್ದು. ನಾನು ಅಂದು ಸಂಜೆ ಸೀಮೆಎಣ್ಣೆ ಸ್ಟೌವಿಗೆ ಬತ್ತಿ ಏರಿಸುತ್ತಿದ್ದ ಅವ್ವನ ಮುಂದೆ ಕೂತು ಎಲ್ಲವನ್ನೂ ಒಪ್ಪಿಸಿದೆ. ಅವ್ವ ಬತ್ತಿ ಏರಿಸುವುದನ್ನು ನಿಲ್ಲಿಸಿ ಕೇಳಿದಳು.

“ಎಷ್ಟ್ ಕಾಲ ಅಂತ ಯೋಳಿಲ್ವಾ ಅದ್ರಲ್ಲಿ?”

“ಇಲ್ಲ. ಬರೀ ಕಾಲ.”

“ನಾಳೀಕೆ ಮೇಷ್ಟ್ರುನ್ನ ಸರ್ಯಾಗ್ ಕೇಳ್ಕಂಡ್ ಬಾ.”

ಕೇಳಿದೆ. ಮೇಷ್ಟ್ರು ನಕ್ಕು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಬೇರಿನಲ್ಲಿ ಅಷ್ಟಿಲ್ಲಮ್ಮ, ಬಳಸುತ್ತಾ ಬಳಸುತ್ತಾ ಜನವೇ ‘ಸ್ವಲ್ಪ ಕಾಲ’ ಎಂದು ಅರ್ಥ ಕೊಟ್ಟುಕೊಂಡರು ಎಂದರು. ಅದನ್ನೂ ಮನೆಗೆ ತಂದು ಅವ್ವನಿಗೆ ಮುಟ್ಟಿಸಿದೆ.

“ಕೊಟ್ಕಂಡೋರು ಗಂಡಸ್ರೇ ಇರ್ಬೇಕು,” ಎಂದು ಅವ್ವ ಸ್ಟೌವಿಗೆ ಕಡ್ಡಿ ಗೀರಿದಳು.

ಸ್ವಂತ ಮನೆ ಆಗಲೇ ಇಲ್ಲವೆಂದಲ್ಲ, ಆಯಿತು. ಅಪ್ಪ ನಿವೃತ್ತನಾಗುವ ಕಾಲಕ್ಕೆ, ಮಳವಳ್ಳಿಯ ಹೊರಗೆ, ತಾರಸಿಯ ಮನೆ. ಆಗ ನನ್ನ ಮದುವೆಯಾಗಿ ನಾನು ಮದ್ದೂರಿನಲ್ಲಿದ್ದೆ, ಅಜ್ಜಿ ತೀರಿಕೊಂಡಿದ್ದಳು. ಅಡುಗೆಮನೆಗೆ ಕಪ್ಪು ಕಲ್ಲಿನ ಕಟ್ಟೆ, ಗೋಡೆಯೊಳಗೇ ಅಡಗಿದ ವೈರು, ಬೇಕಾದಷ್ಟು ಮೊಳೆ. ಗೃಹಪ್ರವೇಶದ ದಿನ ಅವ್ವ ಆ ಕಟ್ಟೆಯನ್ನು ಸವರಿ ನೋಡಿ, ಚೆನ್ನಾಗಿದೆ ಎಂದಳು, ನೆಂಟರ ಮನೆಗೆ ಬಂದವರು ಹೇಳುವಂತೆ. ಕಾಯುವುದರಲ್ಲೇ ಅವಳ ಆಸೆಯೆಲ್ಲ ಸವೆದುಹೋಗಿತ್ತೆಂದು ನನಗೆ ಅನಿಸಿತು. ಈಗ ನನ್ನ ಮಂಡ್ಯದ ಮನೆಯಲ್ಲಿ ಸಂಜೆ ಸುಮ್ಮನೆ ಕೂತಿದ್ದಾಗ ಲೆಕ್ಕ ಹಾಕಿದರೆ, ಅವ್ವ ಆ ಪರ್ಮನೆಂಟ್ ಮನೆಯಲ್ಲಿ ಬದುಕಿದ್ದಕ್ಕಿಂತ ಟೆಂಪ್ರವರಿ ಮನೆಯಲ್ಲಿ ಬದುಕಿದ್ದೇ ಬಹಳ ಹೆಚ್ಚು. ನನಗೆ ‘ಮನೆ’ ಎಂದರೆ ಇವತ್ತಿಗೂ ಕಣ್ಣಿಗೆ ಕಟ್ಟುವುದು ಆ ಕ್ವಾರ್ಟರ್ಸೇ. ಅದಕ್ಕೆ ಕಾರಣ ಒಂದು ಪಕ್ಷದ ದಿನ. ನನ್ನ ನೆನಪುಗಳ ಈ ಅಧ್ಯಾಯದಲ್ಲಿ ನಾನು ಬರೆಯಬೇಕೆಂದಿದ್ದದ್ದು ಅದನ್ನೇ, ಇಷ್ಟು ಹೊತ್ತು ಸುತ್ತಿ ಬಳಸಿ ಬಂದೆ.

ನಾನು ಮೇಷ್ಟ್ರಿಂದ ಪದದ ಬೇರು ಕೇಳಿ ತಂದ ವರ್ಷವೇ ಇರಬೇಕು, ಅಥವಾ ಅದರ ಮರುವರ್ಷ. ಅಜ್ಜಿ ನಮ್ಮ ಮನೆಯಲ್ಲಿದ್ದಳು. ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಮಿಂದು ಹೊರಟೆವು. ಬ್ಲಫಿನಿಂದ ಮಳವಳ್ಳಿ, ಅಲ್ಲಿಂದ ಮದ್ದೂರು, ಅಲ್ಲಿಂದ ಬೆಸಗರಹಳ್ಳಿ, ಬಸ್ಸಿನಿಂದ ಬಸ್ಸಿಗೆ ಹತ್ತಿಳಿಯುವ ದಾರಿ. ಅಜ್ಜಿಯ ಮಡಿಲಲ್ಲಿ ತಾತನ ಎಡೆಗೆಂದು ತಂದ ಹೊಸ ಪಂಚೆ. ಎಡೆ ಇಕ್ಕುವ ತನಕ ಆ ದಿನ ಅವಳು ನೀರೂ ಮುಟ್ಟುವುದಿಲ್ಲ. ಬಸ್ಸು ನಿಲ್ಲುವ ಜಾಗದಲ್ಲಿ ನಮ್ಮಂತೆಯೇ ಚೀಲ ಹಿಡಿದ ಜನ ಕಾದು ಕಾದು ಕರಗಿಹೋದರು. ನಾವು ಮಾತ್ರ ನಿಂತೇ ಇದ್ದೆವು. ಕೊನೆಗೆ ಸೈಕಲ್ಲಿನಲ್ಲಿ ಬಂದ ಒಬ್ಬ ಕಾಲೂರಿ ನಿಂತ.

“ಎಲ್ಲಿಗ್ ಓಯ್ತೀರಿ? ನಾಲೆ ನೀರಿಗೆ ರೈತ್ರ ಗಲಾಟೆ ಸುರುವಾಗದೆ. ಮಳವಳ್ಳಿ ತಾವ ರೋಡಿಗೆ ಕಲ್ಲಿಟ್ಟವ್ರೆ. ಒಂದ್ ಬಸ್ಸೂ ಬರಾಕಿಲ್ಲ, ಮನೀಗ್ ಓಗಿ.”

ಮನೆಗೆ ಬಂದೆವು. ಅಜ್ಜಿ ಒಳಗೆ ಬರದೆ ಜಗಲಿಯ ಮೇಲೆ ಕೂತಳು, ಪಂಚೆ ಮಡಿಲಲ್ಲೇ. ಅಪ್ಪ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಸಮಾಧಾನ ಹೇಳಿದ.

“ಅಣ್ಣ ಅಲ್ಲಿ ಇಕ್ಕೇ ಇಕ್ತಾನೆ ಕಣವ್ವ. ನೀನೊಂದ್ ಲೋಟ ಕಾಪಿ ಕುಡಿ.”

“ಅವ್ನ್ ಇಕ್ಕುದ್ರೆ ಅವ್ನುದಾಯ್ತು. ಲಗ್ನ ಆಗ್ ಬಂದಾಗಿಂದ ನನ್ ಕೈಯಾರೆ ಇಕ್ದೆ ಈ ದಿನ ಬಾಯಿಗ್ ನೀರ್ ಬುಟ್ಟೋಳಲ್ಲ ನಾನು.”

ಬಿಸಿಲು ಜಗಲಿಗೆ ಹತ್ತಿತು. ಅಜ್ಜಿ ಗೋಡೆಗೆ ಒರಗಿದಳು. ತುಟಿ ಒಣಗಿ ಬಿಳಿಚಿತ್ತು, ಕಣ್ಣು ಮುಚ್ಚಿ ಮುಚ್ಚಿ ತೆಗೆಯುತ್ತಿದ್ದಳು. ನನಗೆ ಹೆದರಿಕೆಯಾಯಿತು. ಅಪ್ಪ ಮತ್ತೆ ಬಂದು ಕೂತು, ತನಗೆ ಗೊತ್ತಿದ್ದ ಒಂದೇ ಉಪಾಯ ಹೇಳಿದ.

“ಅಂಗಾರೆ ಇಲ್ಲೇ ಇಕ್ಬುಡವ್ವ. ಈ ಒಂದ್ ವರ್ಸಕ್ಕೆ, ಟೆಂಪ್ರವರಿಯಾಗಿ.”

ಅಜ್ಜಿಗೆ ಎಲ್ಲಿತ್ತೋ ಶಕ್ತಿ, ಎದ್ದು ಕೂತಳು.

“ಸತ್ತೋರ್ಗೆ ಎಂತಾ ಟೆಂಪ್ರವರಿನ್ಲಾ, ನಿನ್ ನಾಲ್ಗೆ ಬಿದ್ದೋಗ! ನಿಮ್ಮಪ್ಪ ಏನ್ ನಿನ್ ಕೈಕೆಳ್ಗೆ ಕೂಲಿಗ್ ಬತ್ತಾನಾ? ಒಡೆಯನ್ ಇಲ್ದಿರೋ ಮನೆ ಇದು.”

ಅಪ್ಪ ಎದ್ದು ಅಂಗಳಕ್ಕೆ ಹೋಗಿ ಆಕಾಶ ನೋಡುತ್ತಾ ನಿಂತ. ಆಗ ಅಡುಗೆಮನೆಯಿಂದ ಅವ್ವ ಬಂದಳು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ಮಾತಾಡಿದಳು. ಅವ್ವ ಅಜ್ಜಿಯ ಮುಂದೆ ಅಷ್ಟು ಉದ್ದಕ್ಕೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ಅತ್ತೆ, ಒಂದ್ ಮಾತ್ ಅಂತೀನಿ, ಬೈಬ್ಯಾಡಿ. ಈ ಒಲೇಲಿ ಬೇಯ್ಸಿದ್ದ ನೀವೂ ಉಂಡಿದ್ದೀರಿ, ನಿಮ್ ಮಗನೂ ಉಂಡವ್ರೆ. ಈ ಕೂಸು ಇದ್ರಲ್ಲೇ ಬೆಳ್ದದೆ. ಬದ್ಕಿರೋರು ಇಲ್ಲಿ ಉಣ್ಬೋದು, ಸತ್ತೋರ್ ಉಣ್ಬಾರ್ದಾ? ಅವ್ರೇನ್ ಸಂಸಾರ ಊಡಕ್ ಬತ್ತಾರಾ? ಉಂಡ್ ಓಗಕ್ ಬರೋದು, ವಸಿ ಒತ್ತು. ಅಷ್ಟೊತ್ಗೆ ಈ ಮನೆ ಸಾಲ್ದಾ? ಬರೋ ವರ್ಸ ನಾವೆಲ್ಲಿರ್ತೀವೋ ಅಲ್ಲಿಗ್ ಬತ್ತಾರೆ. ಎತ್ತ್ ಮಕ್ಳ ಗುರ್ತು ಸಿಕ್ಕಾಕಿಲ್ವಾ ಅವ್ರಿಗೆ? ಬಾಗ್ಲ ನೋಡ್ಕಂಡ್ ಬರೋದಾ ಅವ್ರು?”

ಅವ್ವ ತಾತನ ಬಗ್ಗೆ ಮಾತಾಡುತ್ತಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾದೆ. ಅಜ್ಜಿ ಪಂಚೆಯನ್ನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದು ಎದ್ದಳು.

“ಕಾಲಿಗ್ ನೀರ್ ಕೊಡಮ್ಮಿ,” ಎಂದಳು ನನಗೆ. ಅಪ್ಪನ ಕಡೆ ತಿರುಗಿ, “ಮುಗಿಲ್ ನೋಡಿದ್ ಸಾಕು. ಯಾರಾರ ಗುಡ್ಡೆ ಬಾಡ್ ಆಕವ್ರಾ ನೋಡೋಗ್ಲಾ,” ಎಂದಳು.

ಹಬ್ಬದ ದಿನ ನಾಲ್ಕಾರು ಮನೆಯವರು ಸೇರಿ ಒಂದು ಕುರಿ ಕುಯ್ದು ಗುಡ್ಡೆ ಹಾಕಿ ಹಂಚಿಕೊಳ್ಳುವುದು ನಮ್ಮಲ್ಲಿ ಇದ್ದದ್ದೇ. ಅಪ್ಪ ಮುತ್ತುಗದ ಎಲೆಯಲ್ಲಿ ಒಂದು ಗುಡ್ಡೆ ತಂದ. ನಾನು ಮುಂದಿನ ಕೋಣೆಯನ್ನು ಸಾರಿಸಿದೆ. ಅಜ್ಜಿ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತು ವಡೆ ತಟ್ಟಿದಳು. ತಲೆ ಸುತ್ತುತ್ತಿತ್ತೇನೋ, ನಡುನಡುವೆ ಕೈ ನಿಲ್ಲಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಅವ್ವ ಖಾರ ಅರೆದು ಸಾರು ಕೂಡಿಟ್ಟಳು. ಉಪ್ಪು ಕಮ್ಮಿ ಎಂದು ಅಂದು ಯಾರೂ ಹೇಳಲಿಲ್ಲ. ಅತ್ತೆಯೂ ಸೊಸೆಯೂ ಬೇಕಾದ್ದನ್ನು ಮಾತ್ರ ಕೇಳಿಕೊಂಡು, ಕೊಟ್ಟುಕೊಂಡು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಡುಗೆ ಮುಗಿಸಿದರು.

ಅಜ್ಜಿ ತಾತನಿಗೆ ಎಲೆ ಹಾಕಿದಳು, ತಾತನ ತಂದೆತಾಯಿಗೆ ಹಾಕಿದಳು. ತಾತನ ಎಲೆಯ ಪಕ್ಕ ಪಂಚೆ, ಎಲೆಯಡಿಕೆ, ಒಂದು ಕಟ್ಟು ಬೀಡಿ. ಒಂದೊಂದನ್ನೇ ಬಡಿಸುತ್ತಾ ತಾತನೊಡನೆ ಮಾತಾಡಿದಳು, ದಾರಿ ತಪ್ಪಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ, ರೋಡಿಗೆ ಕಲ್ಲಿಟ್ಟಿದ್ದಾರೆ ಎಂದು ಸುದ್ದಿ ಹೇಳಿದಳು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು, ಬೆಸಗರಹಳ್ಳಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಅಜ್ಜಿ ತಿರುಗಿ ನೋಡದೆ ಹೇಳಿದಳು.

“ಇನ್ನೊಂದ್ ಎಲೆ ಆಕು.”

“ಯಾರ್ಗತ್ತೆ?”

“ನನ್ ಬಾಯಲ್ಲೇ ಅನ್ನಿಸ್ಬೇಕಾ? ಆಚೆ ಗೋಡೆ ತಾವ ಆಕು. ಅಲ್ಲಿ ಗಾಳಿ ಬತ್ತದೆ.”

ಅವ್ವ ಎಲೆ ತಂದು ಹಾಸಿದಳು. ನೀರು ಚಿಮುಕಿಸಿ ಒರೆಸಿದಳು, ಮತ್ತೆ ಚಿಮುಕಿಸಿ ಮತ್ತೆ ಒರೆಸಿದಳು. ಅಜ್ಜಿ ನಿಧಾನಕ್ಕೆ ಬಂದು ಅವಳ ಪಕ್ಕ ನಿಂತಳು.

“ನಿಮ್ಮವ್ವ ಏನಂದ್ರೆ ಆಸೆ ಪಡೋಳು? ಅದ ಮೊದ್ಲು ಇಕ್ಕು.”

ಅವ್ವ ಎಲೆಯನ್ನೇ ನೋಡುತ್ತಾ ಯೋಚಿಸಿದಳು.

“ಗೊತ್ತಿಲ್ಲ ಅತ್ತೆ,” ಎಂದಳು. “ಅವ್ಳು ನಂಗಿಕ್ಕಿ ಮಿಕ್ಕಿದ್ದ ತಿನ್ನೋಳು. ಅವ್ಳ್‌ಗೇನ್ ಇಷ್ಟ ಅಂತ ನಾನ್ ಕೇಳೇ ಇಲ್ಲ.”

“ಅಂಗಾರೆ ಎಲ್ಲಾನೂ ಇಕ್ಕು,” ಎಂದಳು ಅಜ್ಜಿ.

ಅವ್ವ ಎಲ್ಲವನ್ನೂ ಇಕ್ಕಿದಳು. ವಡೆ, ಕಜ್ಜಾಯ, ಮುದ್ದೆ, ಅನ್ನ, ಬಾಡು, ಸಾರು, ಮಜ್ಜಿಗೆ. ಎಲೆಯಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಬಿತ್ತು. ಅಜ್ಜಿ ಧೂಪ ಹಾಕಿದಳು. ನಾವು ನಾಲ್ಕೂ ಜನ ಹೊರಗೆ ಬಂದೆವು, ಅಪ್ಪ ಬಾಗಿಲೆಳೆದು ಚಿಲಕ ಸಿಕ್ಕಿಸಿದ. ಜಗಲಿಯ ಮೇಲೆ ಸಾಲಾಗಿ ಕೂತೆವು. ನನಗೆ ಹಸಿವೆಂದರೆ ಹಸಿವು. ಬೆಳಗಿನಿಂದ ಯಾರ ಹೊಟ್ಟೆಗೂ ಸರಿಯಾಗಿ ಏನೂ ಬಿದ್ದಿರಲಿಲ್ಲ, ಅಜ್ಜಿಯ ಬಾಯಿಗಂತೂ ಹನಿ ನೀರೂ ಇಲ್ಲ. ಬಾಗಿಲ ಸಂದಿಯಿಂದ ಸಾರಿನ ಘಮ ಬರುತ್ತಿತ್ತು. ಸ್ವಲ್ಪ ಹೊತ್ತು ಕಾದು ಅಪ್ಪ ಎದ್ದ. ಜೋರಾಗಿ ಕೆಮ್ಮಿ ಚಿಲಕಕ್ಕೆ ಕೈ ಹಾಕಿದ.

“ಆಯ್ತಲ್ಲವ್ವ, ತಗೀಲಾ?”

“ತಡೀಲಾ,” ಎಂದಳು ಅಜ್ಜಿ. “ನಮ್ಮೋರು ವರ್ಸ ವರ್ಸ ಉಂಡೋರು, ಅವ್ರು ಎದ್ದವ್ರೆ. ಕೆಂಪಮ್ಮ ಎಷ್ಟ್ ವರ್ಸದಿಂದ ಅಸ್ಕಂಡವ್ಳೋ ಏನೋ. ಅವ್ಳು ಇನ್ನೊಸಿ ಒತ್ತು ಉಣ್ಲಿ.”

ಅಪ್ಪ ಚಿಲಕದಿಂದ ಕೈ ತೆಗೆದು ಬಂದು ಕೂತ.